ಇಂಕೇಶ್ವರನ ಕೆಳಗಿಟ್ಟ ಕಾಗದ

ಫೆಬ್ರವರಿ ೩೦, ೨೨೩೧
ಮೊದಲನೆಯ ಘಾಟಿಯ ನೆತ್ತಿ, ಪೆರು

ಪೂಜ್ಯ ಡಾಕ್ಟರ್ ರುದ್ರಮುನಿಯಪ್ಪ ಅಜ್ಜನವರಿಗೆ, ನಿಮ್ಮ ಏಳನೆಯ ತಲೆಯ ಮೊಮ್ಮಗಳು ಸೌಗಂಧಿಕಾ ಮಾಡುವ ನಮಸ್ಕಾರ.

ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಹಿಂದಿನವರು ಅದರಿಂದ ಕಿತ್ತುಕೊಂಡಿದ್ದ ದಿನಗಳನ್ನು ನಮ್ಮವರು ವಾಪಸು ಕೊಟ್ಟಿದ್ದಾರೆ. ಕಿತ್ತದ್ದನ್ನು ವಾಪಸು ಕೊಡುವುದೇ ನಮ್ಮ ಶತಮಾನದ ಮುಖ್ಯ ಕಸುಬು; ನಾನೂ ಅದೇ ಕೆಲಸಕ್ಕೆ ಇಲ್ಲಿ ಬಂದು ಕೂತಿದ್ದೇನೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಪದಗಳು ಬರುತ್ತವೆ. ಅವುಗಳ ವಿಚಿತ್ರಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಸಿಟ್ಟಿಗೆ ಕೇಳುವುದಿಲ್ಲ.

ಮೊದಲನೆಯ ಪದ ಹಿಂದಂಚೆ. ನಿಮ್ಮ ಅಂಚೆ ಮುಂದಕ್ಕೆ ಹೋಗುತ್ತಿತ್ತು, ನಮ್ಮದು ಹಿಂದಕ್ಕೂ ಹೋಗುತ್ತದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಅದನ್ನು ಒಂದು ಹಳೆಯ ವಸ್ತುವಿನ ಕೆಳಗಿಟ್ಟು ಕೈ ಬಿಟ್ಟರೆ, ಆ ವಸ್ತು ಹಿಂದೆ ಇದ್ದ ಮನೆಯಲ್ಲಿ, ನಾವು ಗೊತ್ತು ಮಾಡಿದ ದಿನ, ಅದರ ಕೆಳಗೇ ಸಿಗುತ್ತದೆ. ಸೂರಿನಡಿ ಮಾತ್ರ ಬಟವಾಡೆ, ಬಯಲಿಗೆ ಇಲ್ಲ. ಇಲ್ಲದಿದ್ದರೆ ನೀವು ಈ ಘಾಟಿಯಲ್ಲಿ ಕಲ್ಲಿಗೆ ಕೈ ಚಾಚಿದ ಕ್ಷಣಕ್ಕೇ ಕಳಿಸುತ್ತಿದ್ದೆ. ನಾನು ಆರಿಸಿದ ದಿನ ೨೦೨೬ರ ಜುಲೈ ಹತ್ತೊಂಬತ್ತು, ಭಾನುವಾರ ಬೆಳಿಗ್ಗೆ. ಪೆರುವಿನಿಂದ ತಂದ ಕಲ್ಲಿಗೆ ಸ್ನಾನ ಮಾಡಿಸಲು ನೀವು ದೇವರ ಮನೆಗೆ ಬಂದಿದ್ದೀರಿ, ಎತ್ತಿದ್ದೀರಿ, ಕೆಳಗೆ ಇದು ಸಿಕ್ಕಿದೆ. ನಿಮ್ಮ ಫೋನು ಹೊರಗೆ ಟೀಪಾಯಿಯ ಮೇಲಿದೆ. ಅದರಲ್ಲಿ ನಿನ್ನೆ ಬಂದ ಒಂದು ಸಂದೇಶಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ಕೊಡುವ ಮೊದಲು ಇದನ್ನು ಓದಿ ಮುಗಿಸಿ.

ನೀವು ಮುಂದಿನ ವರ್ಷ ‘ಹಲ್ಲಿನ ಡಾಕ್ಟರ ಕಲ್ಲಿನ ಹಾದಿ’ ಎಂಬ ಪ್ರವಾಸ ಕಥನ ಬರೆದು ಅಚ್ಚು ಹಾಕಿಸುತ್ತೀರಿ. ಇನ್ನೂ ಬರೆಯದ ಪುಸ್ತಕಕ್ಕೆ ವಿಮರ್ಶೆ ಬಂದ ಮೊದಲ ಲೇಖಕರು ನೀವೇ ಇರಬೇಕು. ಪ್ರಾಸ ಚೆನ್ನಾಗಿದೆ, ಉಳಿದದ್ದು ಚೆನ್ನಾಗಿಲ್ಲ. ದಾವಣಗೆರೆಯ ಬೆಳಗಿನ ವಾಕಿಂಗ್ ಬಳಗದ ಹದಿಮೂರು ಜನ ಇಂಕಾ ಅರಸರ ಕಾಲದ ಮೆಟ್ಟಿಲುದಾರಿಯಲ್ಲಿ ನಾಲ್ಕು ದಿನದ ಚಾರಣಕ್ಕೆ ಹೋದದ್ದು, ಎರಡನೆಯ ದಿನಕ್ಕೇ ಚಟ್ನಿಪುಡಿ ಖಾಲಿಯಾಗಿ ಬಳಗದಲ್ಲಿ ಎರಡು ಪಕ್ಷವಾದದ್ದು, ಗೈಡ್ ಸಾತುರ್ನಿನೋಗೆ ನೀವು ‘ಶರಣು’ ಹೇಳಿಕೊಟ್ಟದ್ದು, ಎಲ್ಲ ಇದೆ. ನಿಮ್ಮ ಚೀಲ ಹೊತ್ತವನ ಹೆಸರೂ ಇದೆ; ಅದೊಂದಕ್ಕೆ ನಾನು ಋಣಿ. ಇಲಾರಿಯೋ ವಮಾನ್. ನೀವು ಬಂದದ್ದು ವಿಮಾನದಲ್ಲಿ, ನಿಮ್ಮ ಚೀಲ ಹೋದದ್ದು ವಮಾನ್ ಬೆನ್ನಿನಲ್ಲಿ. ನಿಮ್ಮದು ಚಾರಣ, ಅವನದು ಭಾರ. ನೀವು ಹತ್ತು ಮೆಟ್ಟಿಲಿಗೊಮ್ಮೆ ನಿಂತು ಏದುಸಿರಿನ ನಡುವೆ ನಗುಮುಖದ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಅವನು ಟಯರ್ ಚಪ್ಪಲಿಯಲ್ಲಿ ನಿಮ್ಮನ್ನು ದಾಟಿ ಓಡಿ, ನೀವು ತಲುಪುವ ಹೊತ್ತಿಗೆ ಡೇರೆ ಹೊಡೆದು ಕೈಕಾಲಿಗೆ ಬಿಸಿನೀರು ಇಟ್ಟಿರುತ್ತಿದ್ದ. ‘ಈ ಜನಕ್ಕೆ ಆಯಾಸವೆಂಬುದೇ ಇಲ್ಲ’ ಎಂದು ಬರೆದಿದ್ದೀರಿ. ಬಾಯಿ ತೆರೆಸಿ ನೋವು ಹುಡುಕುವ ವೃತ್ತಿಯವರು ನೀವು. ಬಾಯಿ ಮುಚ್ಚಿಕೊಂಡು ಹೊರುವವನ ನೋವು ನಿಮಗೆ ಹೇಗೆ ಕಾಣಬೇಕು?

ಇನ್ನು ನಲವತ್ತೊಂದನೆಯ ಪುಟ. ಎರಡನೆಯ ದಿನದ ಮಧ್ಯಾಹ್ನ, ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರದ ಈ ಘಾಟಿ. ಇಲ್ಲಿ ಎದೆಮಟ್ಟದ ಒಂದು ಕಲ್ಲುಗುಪ್ಪೆ. ಹೊರೆಯವರು ತಮ್ಮ ಊರಿನಿಂದ ಒಂದೊಂದು ಕಲ್ಲು ತಂದು ಇದರ ಮೇಲಿಟ್ಟು, ಆಯಾಸವನ್ನು ಬೆಟ್ಟಕ್ಕೆ ಒಪ್ಪಿಸಿ ಮುಂದೆ ಹೋಗುತ್ತಾರೆಂದು ಗೈಡ್ ಹೇಳಿದ್ದನ್ನು ನೀವೇ ಬರೆದುಕೊಂಡಿದ್ದೀರಿ. ಗುಪ್ಪೆಯ ತುದಿಯಲ್ಲಿ ತೆಂಗಿನಕಾಯಿ ಗಾತ್ರದ, ಹೊಳೆಯ ನೀರಿಗೆ ನುಣುಪಾದ ಒಂದು ಕಲ್ಲು. ಅದರ ಹಣೆಗೆ ಅಡ್ಡಲಾಗಿ ಮೂರು ಬಿಳಿ ಗೆರೆ. ನಿಮ್ಮ ಕಣ್ಣಿಗೆ ಅದು ಲಿಂಗವಾಯಿತು, ಗೆರೆಗಳು ವಿಭೂತಿಯಾದವು. ‘ನೋಡೇ ಇಲ್ಲಿ, ಮೂರು ಬಟ್ಟು ವಿಭೂತಿ! ಎಷ್ಟು ದೂರ ಬಂದು ಕುಂತಾನೆ ಶಿವ!’ ನಿಮ್ಮ ಹೆಂಡತಿ ನಿರ್ಮಲಾಕ್ಷಿ ಅಜ್ಜಿ ತಡೆದಿದ್ದಾರೆ. ‘ಬ್ಯಾಡ್ರೀ, ಯಾರೋ ಇಟ್ಟಿರೋ ಕಲ್ಲದು. ನಮ್ಮನಿ ಹೊಸ್ತಿಲ ಯಾರಾರ ಕಿತ್ಕಂಡು ಹೋದ್ರೆ ಸುಮ್ನಿರ್ತೀರೇನು?’ ನೀವು ‘ಸುಮ್ನಿರೇ, ಅಷ್ಟು ಕಲ್ಲಾಗೆ ಒಂದು ಹೋದ್ರೆ ಯಾರಿಗೆ ಗೊತ್ತಾಗ್ತತಿ?’ ಎಂದಿರಿ. ‘ಆ ಶಿವಂಗೇ ಗೊತ್ತಾಗ್ತತಿ’ ಎಂದರು ಅಜ್ಜಿ. ಇದನ್ನು ಹೆಂಗಸರ ಪುಕ್ಕಲುತನದ ಉದಾಹರಣೆಯಾಗಿ ಕೊಟ್ಟಿದ್ದೀರಿ. ಕೀಳುವುದು ಕೈಗೆ ರೂಢಿಯಾದವರು, ಯಾರಿಗೂ ನೋವಾಗದಂತೆ ಕಿತ್ತಿರಿ. ನೋವು ಬರುವುದು ಮಂಪರು ಇಳಿದ ಮೇಲೆ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹೊತ್ತದ್ದಾದರೂ ನೀವೇ ಹೊತ್ತಿರಾ? ಇಳಿಜಾರಿನಲ್ಲಿ ಎರಡೂಕಾಲು ಕಿಲೋ ಹೆಗಲಿಗೆ ಜಾಸ್ತಿಯಾಯಿತು. ಮಾರನೆಯ ಬೆಳಿಗ್ಗೆ ಅದನ್ನು ಸ್ವೆಟರಿನಲ್ಲಿ ಸುತ್ತಿ, ಇಲಾರಿಯೋ ಹೊರುವ ದೊಡ್ಡ ಚೀಲದ ತಳಕ್ಕೆ ತುರುಕಿದಿರಿ. ಚೀಲ ತೂಗುವುದು ಹೊರಟ ದಿನ ಮಾತ್ರವಂತೆ, ಆಮೇಲೆ ಯಾರೂ ನೋಡುವುದಿಲ್ಲವಂತೆ. ಇದನ್ನೂ ಜಾಣತನವೆಂದೇ ಬರೆದಿದ್ದೀರಿ.

ಆ ಕಲ್ಲು ಮುಂದೆ ಏನಾಯಿತೆಂದು ನಿಮಗೆ ಸಂತೋಷವಾಗುವ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಇಂಕೇಶ್ವರನೆಂದು ಹೆಸರಾಯಿತು, ಅವನೇ ಮನೆದೇವರಾದ. ಸೋಮವಾರ ಅಭಿಷೇಕ, ವರ್ಷಕ್ಕೊಮ್ಮೆ ಪರುವಿನ ಊಟ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಅವನಿಗೆ ಲವಂಗ ಏರಿಸಿದರೆ ಹಲ್ಲುನೋವು ಹೋಗುತ್ತದೆಂದು ಊರೆಲ್ಲ ಸುದ್ದಿಯಾಗಿ, ಜನ ನಿಮ್ಮ ದವಾಖಾನೆಯ ಬಾಗಿಲು ದಾಟಿ ದೇವರ ಮನೆಗೇ ಬರತೊಡಗಿದರು. ನನ್ನ ಅಜ್ಜಿಯ ಹೆಸರು ಇಂಕೇಶ್ವರಿ. ನಾನೂ ಚಿಕ್ಕವಳಿದ್ದಾಗ ಅವನ ಮುಂದೆ ಕಣ್ಣು ಮುಚ್ಚಿ ಪರೀಕ್ಷೆಯ ಅಂಕ ಬೇಡಿದವಳೇ. ಭಕ್ತಿ ಸುಳ್ಳಲ್ಲ, ಅಜ್ಜಾರೇ. ಅದಕ್ಕೇ ಸಿಟ್ಟು ಜಾಸ್ತಿ. ಏಳು ತಲೆಯ ಭಕ್ತಿಯನ್ನು ನೀವು ಕದ್ದ ಮಾಲಿನ ಮೇಲೆ ಕೂರಿಸಿದಿರಿ.

ಕಿತ್ತವರು ನೀವೊಬ್ಬರೇ ಅಲ್ಲ. ಒಬ್ಬರು ಪೇಪರ್‌ವೇಟಿಗೆ, ಒಬ್ಬರು ಹೂಕುಂಡಕ್ಕೆ, ಇನ್ನೊಬ್ಬರು ನೆನಪಿಗೆ. ಎದೆಮಟ್ಟದ ಗುಪ್ಪೆ ನೂರು ವರ್ಷದಲ್ಲಿ ಮೊಣಕಾಲಿಗೆ ಬಂತು. ಕೊನೆಗೆ ಇಲ್ಲಿಯ ಹಳ್ಳಿಗಳವರು ಕೂಡಿ ದಾರಿಯನ್ನೇ ಮುಚ್ಚಿದರು. ಈಗ ಮೋಜಿಗೆ ಇದರಲ್ಲಿ ಯಾರೂ ನಡೆಯುವಂತಿಲ್ಲ. ಮರಳಿಗರು ಮಾತ್ರ ನಡೆಯಬಹುದು: ಮನೆಯಲ್ಲಿದ್ದ ಕಲ್ಲನ್ನು ಮರಳಿಸಲು ಬಂದವರು. ಅದೂ ನಿಮ್ಮ ಕಾಲದಿಂದಲೂ ದಾರಿಗೆ ರಜೆಯಿರುವ ಫೆಬ್ರವರಿಯ ಮಳೆಯಲ್ಲಿ. ದಾವಣಗೆರೆಯಲ್ಲಿ ನಾವು ಮಹಡಿ ಹತ್ತುವುದಕ್ಕೂ ಏರುಗಾಲು ಕಟ್ಟಿಕೊಳ್ಳುವವರು. ಅದು ಮಂಡಿಗೆ ಬಿಗಿಯುವ, ನಮ್ಮ ಬದಲು ನಡೆಯುವ ಯಂತ್ರ. ಮರಳಿಗರಿಗೆ ಅದು ನಿಷಿದ್ಧ. ಹಾಗಾಗಿ ಎಂಟು ತಿಂಗಳು, ಬಿಸಿಲೇರುವ ಮೊದಲು, ಇಂಕೇಶ್ವರನನ್ನು ಬೆನ್ನಿಗೆ ಕಟ್ಟಿಕೊಂಡು ಚಿತ್ರದುರ್ಗದ ಕೋಟೆ ಹತ್ತಿ ಇಳಿದೆ. ನೋಡಿದವರು ‘ಹರಕೆಯಾ?’ ಎಂದು ಕೇಳಿದರು. ‘ಅಲ್ಲ, ನಮ್ಮಜ್ಜನ ಲಗೇಜು’ ಎಂದೆ. ವಿಮಾನಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ. ಹಾಯಿಹಡಗಿನಲ್ಲಿ ಐವತ್ತೊಂದು ದಿನ, ಬೆಣ್ಣೆ ದೋಸೆಯ ಕನಸು ಕಾಣುತ್ತ, ಕಡಲಿಗೆ ವಾಂತಿ ಮಾಡುತ್ತ ಬಂದೆ. ಒಂದೊಂದು ಅಲೆಗೂ ನಿಮ್ಮನ್ನು ನೆನೆದಿದ್ದೇನೆ. ಅದು ಮುಟ್ಟಿದ್ದರೆ ನಿಮಗೆ ಬಿಕ್ಕಳಿಕೆ ಬಂದಿರಬೇಕು.

ಘಾಟಿಯ ಕೆಳಗಿನ ಇಲಾರಿಯೋನ ಊರಿನಲ್ಲಿ ನನ್ನನ್ನು ಎದುರುಗೊಂಡವಳು ಅವನ ವಂಶದ ಸಬಿನಾ ವಮಾನ್. ಅರವತ್ತು ದಾಟಿದವಳು, ಊರಿನ ಗಂಟುದಾರ ಓದುವವಳು. ಯಾರು ಯಾವಾಗ ಯಾರ ಕಲ್ಲು ಇಟ್ಟರೆಂಬುದನ್ನು ಆ ಊರಿನವರು ದಾರದಲ್ಲಿ ಗಂಟು ಹಾಕಿ ಇಡುತ್ತಾರೆ. ಅವಳ ಭಾಷೆ ನನಗೆ ಬಾರದು, ಆದರೆ ನನ್ನ ಕಿವಿಯಲ್ಲಿ ಕಿವಿಮಾತು ಇದೆ. ಕೇಳಿದ್ದನ್ನು ನಮ್ಮ ಊರಿನ ಮಾತಿಗೆ ತಿರುಗಿಸುವ ಕಾಳಿನಷ್ಟು ಯಂತ್ರ. ಹೀಗಾಗಿ ಆಂಡೀಸ್ ಬೆಟ್ಟದ ಮುದುಕಿ ನನ್ನನ್ನು ಬೈದದ್ದು ಶುದ್ಧ ದಾವಣಗೆರೆ ಕನ್ನಡದಲ್ಲಿ. ‘ಬಂದ್ಯೇನವ್ವಾ? ಚಾ ಕಾಸಿ ಇನ್ನೂರು ವರ್ಷಾತು, ಆರಿ ಹೋಗೇತಿ ನೋಡು.’ ನಾನು ಕಲ್ಲು ಬಿಚ್ಚಿ ಕೊಟ್ಟೆ. ಅವಳು ಮೂರು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಊರಿನ ಗಂಟುದಾರ ತೆಗೆದು, ಒಂದೊಂದೇ ಗಂಟು ಓದಿ ಹೇಳತೊಡಗಿದಳು.

ಅದು ವಿಭೂತಿಯಲ್ಲ, ಅಜ್ಜಾರೇ. ಇಲಾರಿಯೋಗೆ ಯಾನೆತ್ ಎಂಬ ಮಗಳು. ಆ ಊರಿನ ಮಕ್ಕಳು ಒಂಬತ್ತನೆಯ ವರ್ಷಕ್ಕೆ ಅಪ್ಪನ ಜೊತೆ ಘಾಟಿ ಹತ್ತಿ ತಮ್ಮ ಕಲ್ಲು ಇಡಬೇಕು, ಆಗಲೇ ಊರಿನವರಾಗುವುದು. ಯಾನೆತ್‌ಗೆ ಹುಟ್ಟಿನಿಂದಲೇ ಕಾಲಿನಲ್ಲಿ ಶಕ್ತಿಯಿಲ್ಲ. ಅವಳು ಹಿತ್ತಲ ಹೊಳೆಗೆ ತೆವಳಿಕೊಂಡು ಹೋಗಿ ಒಂದು ಕಲ್ಲು ಆರಿಸಿದಳು. ಅಪ್ಪ ಪ್ರತಿ ಸಲ ದಾಟುವ ಮೂರು ಘಾಟಿಗಳಿಗೆ ಮೊಳೆಯಿಂದ ಮೂರು ಗೆರೆ ಗೀಚಿದಳು. ‘ನನ್ನ ಬದ್ಲು ಇದು ಹತ್ತಲಿ’ ಎಂದಳು. ಇಪ್ಪತ್ತು ಕಿಲೋ ಹೊರೆಯ ಮೇಲೆ ಇದನ್ನು ಎದೆಗೆ ಕಟ್ಟಿಕೊಂಡು ತಂದ ಇಲಾರಿಯೋ, ಬೆಟ್ಟಕ್ಕೆ ಚೆನ್ನಾಗಿ ಕಾಣಲೆಂದು ಎಲ್ಲ ಕಲ್ಲಿಗಿಂತ ಮೇಲೆ ಇಟ್ಟು ಹೋದ. ಅದಾಗಿ ಎರಡು ಗಂಟೆಗೆ ನೀವು ಬಂದಿರಿ.

ಅವನು ಮನೆಗೆ ಹೋಗಿ ಮಗಳನ್ನು ಎತ್ತಿ ಕುಣಿಸಿದ. ಮುಂದಿನ ತಿಂಗಳು ಅವಳ ದೊಡ್ಡಪ್ಪನ ಮಗ ಹೊರೆ ಹೊತ್ತು ಹೋಗಿ ಬಂದು ಹೇಳಿದ: ಅಲ್ಲಿ ಅಂಥ ಕಲ್ಲೇ ಇಲ್ಲ. ಇಲಾರಿಯೋ ಆಣೆ ಮಾಡಿದ. ಯಾರೂ ನಂಬಲಿಲ್ಲ. ‘ಭಾರ ಆತು, ದಾರ್ಯಾಗೆ ಬಿಸಾಕ್ಯಾನೆ’ ಎಂದರು. ಅವನು ಸಾತುರ್ನಿನೋನ ಕಾಲು ಹಿಡಿದ. ಸಾತುರ್ನಿನೋ ನಿಮ್ಮ ಹದಿಮೂರು ಜನರ ವಾಟ್ಸಾಪ್ ಗುಂಪಿಗೆ ಬರೆದ. ಅದನ್ನು ನೀವು ಐವತ್ತೆಂಟನೆಯ ಪುಟದಲ್ಲಿ ಅಕ್ಷರ ಬಿಡದೆ ಕೊಟ್ಟಿದ್ದೀರಿ: ‘ಮೂರು ಗೆರೆಯ ಕಲ್ಲನ್ನು ಯಾರಾದರೂ ಎತ್ತಿಕೊಂಡಿರಾ? ಅದು ಇಲಾರಿಯೋನ ಮಗಳದು. ಬೇಸರವಿಲ್ಲ, ತಿಳಿಸಿ ಸಾಕು.’ ಹನ್ನೊಂದು ಜನ ಇಲ್ಲವೆಂದರು, ಅಜ್ಜಿ ಉತ್ತರವನ್ನು ನಿಮಗೇ ಬಿಟ್ಟರು. ನೀವು ಒಂದು ದಿನ ಯೋಚಿಸಿ, ಭಾನುವಾರ, ಕೈ ಮುಗಿಯುವ ಚಿತ್ರ ಕಳಿಸಿದಿರಿ. ‘ತಾನಾಗಿ ಬಂದ ಭಗವಂತನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ’ ಎಂದು ಬರೆದಿದ್ದೀರಿ. ತಾನಾಗಿ ಬಂದನಂತೆ! ಸ್ವೆಟರಿನೊಳಗೆ! ಇದನ್ನು ಓದಿದ ದಿನ ಪುಸ್ತಕವನ್ನು ಗೋಡೆಗೆ ಎಸೆದೆ; ಅದು ಪುಟಿದು ಇಂಕೇಶ್ವರನ ಮುಂದೆಯೇ ಬಿತ್ತು.

ನಿಮ್ಮ ಮುಗಿದ ಕೈಯನ್ನು ಅವರು ಇಲ್ಲವೆಂದೇ ಓದಿದರು. ಇಲಾರಿಯೋನ ಗಂಟಿಗೆ ಕಪ್ಪು ದಾರ ಬಿತ್ತು: ಮಗಳ ಕಲ್ಲು ಬಿಸಾಕಿದವನು. ನಮ್ಮ ಮನೆಗೆ ಏಳು ತಲೆ ದೇವರು, ಅವನ ಮನೆಗೆ ಏಳು ತಲೆ ಆ ಹೆಸರು. ‘ನಾನು ಸಣ್ಣಾಕಿದ್ದಾಗ ನೀರಿಗೆ ಹೋದ್ರೆ ಹುಡ್ಗೇರು ಅಂತಿದ್ರು, ಇವಳ ಕೈಯಾಗ ಕೊಡ ಕೊಡಬ್ಯಾಡ್ರೇ, ಬಿಸಾಕ್ತಾಳೆ’ ಎಂದಳು ಸಬಿನಾ. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಯಾನೆತ್ ಅಪ್ಪನನ್ನು ಒಂದು ಮಾತೂ ಆಡಲಿಲ್ಲವಂತೆ. ಎಪ್ಪತ್ತೊಂದು ವರ್ಷ ಬದುಕಿದಳು, ಆ ಕಣಿವೆಯಲ್ಲೇ ಅವಳಂಥ ನೇಯ್ಗೆಯವಳು ಇರಲಿಲ್ಲ. ಆದರೆ ಅವನು ಪ್ರತಿ ಸಲ ಬೆಟ್ಟ ಇಳಿದು ಬಂದು ಬಾಗಿಲಲ್ಲಿ ನಿಂತಾಗ ಮಗ್ಗದ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವನು ಸಾಯುವವರೆಗೆ.

ಈಗ ಈ ಘಾಟಿಯ ನೆತ್ತಿಯಲ್ಲಿ ಸಬಿನಾ ನನ್ನ ಪಕ್ಕದಲ್ಲಿ ಕಪ್ಪು ದಾರ ಹಿಡಿದು ನಿಂತಿದ್ದಾಳೆ. ಆಗಲೇ ಮೂರು ಸಲ ಕೇಳಿದಳು: ‘ಮುಗೀತೇನವ್ವಾ? ಒಂದು ಕಲ್ಲು ಇಡಾಕೆ ಎಷ್ಟು ಪುರಾಣ ಬರೀತಿ?’ ಕಲ್ಲು ಗುಪ್ಪೆಯ ಮೇಲೆ ಕೂತ ಕೂಡಲೇ ಅವಳು ದಾರ ಬಿಚ್ಚುತ್ತಾಳೆ. ಅಲ್ಲಿಗೆ ಅವಳ ಮನೆಯ ಕೆಟ್ಟ ಹೆಸರು ತೊಳೆದುಹೋಯಿತು. ಆದರೆ ಯಾನೆತ್‌ಗೆ ನಾನೇನು ಹೇಳಲಿ? ಅವಳು ನಿಮ್ಮ ಕಾಲದಲ್ಲಿದ್ದಾಳೆ. ಈ ಭಾನುವಾರ ಅವಳಿಗೆ ಇನ್ನೂ ಒಂಬತ್ತೇ ವರ್ಷ.

ನೀವು ಉತ್ತರ ಕೊಟ್ಟರೆ ಕಲ್ಲು ವಾಪಸು ಹೋಗುತ್ತದೆ, ಇಂಕೇಶ್ವರ ಇರುವುದಿಲ್ಲ. ನನ್ನ ಅಜ್ಜ ಅಜ್ಜಿ ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಅವನ ಸೋಮವಾರದ ಸಾಲಿನಲ್ಲಿ. ಆ ಸಾಲೇ ಇಲ್ಲವಾದರೆ ನಾನು ಇರುತ್ತೇನೋ ಇಲ್ಲವೋ, ಅದಕ್ಕೆ ತಾವು ಜವಾಬ್ದಾರರಲ್ಲವೆಂದು ಹಿಂದಂಚೆಯವರು ರುಜು ಹಾಕಿಸಿಕೊಂಡಿದ್ದಾರೆ. ಹಾಕಿದ್ದೇನೆ.

ಕಲ್ಲನ್ನು ಒರೆಸಿ ಇಡಿ. ಹೊರಗೆ ಹೋಗಿ ಫೋನ್ ತೆಗೆಯಿರಿ. ಕೈ ಮುಗಿಯುವ ಚಿತ್ರ ಒತ್ತಬೇಡಿ. ಹೀಗೆ ಬರೆಯಿರಿ: ಕಲ್ಲು ನನ್ನ ಹತ್ತಿರ ಇದೆ. ಇಲಾರಿಯೋ ಬಿಸಾಕಲಿಲ್ಲ, ನಾನು ಕದ್ದೆ. ಉಳಿದ ಎರಡು ಘಾಟಿಗಳನ್ನೂ ಅದು ಅವನ ಬೆನ್ನಿನ ಮೇಲೆಯೇ ದಾಟಿತು. ಮೂರೂ ಆಯಿತೆಂದು ಹುಡುಗಿಗೆ ಹೇಳಿ.

ಉತ್ತರ ಬರೆಯಿರಿ, ಅಜ್ಜಾರೇ. ನನಗಲ್ಲ.