ನೀಲಿ ತೆಗೆದ ಕಾರಣ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಕೆಲಸ. ಕಲ್ಯಾಣಮಂಟಪದ ವೆಬ್‌ಸೈಟಿನ ಸ್ಟೈಲ್‌ಶೀಟ್, ಅಂದರೆ ಪುಟದ ರೂಪ ತೀರ್ಮಾನಿಸುವ ಫೈಲ್ — ಪ್ರತಿ ಬಣ್ಣ, ಪ್ರತಿ ಅಕ್ಷರದ ಅಳತೆಯ ಪಕ್ಕ ಕಾಮೆಂಟ್ ಬರೆಯಬೇಕು. ಯಾಕೆ ಹಾಕಿದೆ, ಯಾಕೆ ತೆಗೆದೆ. ನಮ್ಮ ವೆಬ್ ಆಫೀಸಿನ ಓನರ್ ಗಂಗಾಧರ್ ಸರ್ ಹಟ. ಬರೆದದ್ದನ್ನು ಆ ಮನುಷ್ಯ ಒಂದು ದಿನವೂ ಓದಿದ್ದಿಲ್ಲ.

ಬುಕಿಂಗ್ ಬಟನ್ ನೀಲಿ ಇತ್ತು. ಮಂಟಪದ ಮಾಲೀಕ ಶಿವಯೋಗಪ್ಪ ಹೋದ ವಾರ ಆಫೀಸಿಗೆ ಬಂದು ಸರ್ ಮತ್ತು ನನ್ನೆದುರೇ ಅಂದ: "ಆ ನೀಲಿ ತಗೀರಿ. ಅದು ಆ ಕೇರಿಯವರ ಬಣ್ಣ. ನಾಳಿ ಮದುವಿಗೆ ಮಂಟಪ ಕೇಳಾಕ ಬರ್ತಾರ." ನಾನು ಯಾವ ಕೇರಿಯವಳೆಂದು ಅವನಿಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿಯಿತು. ಕಾರಣ ತಾನೇ ಬೇಕು? ನೀಲಿ ತೆಗೆದು, ಅವನ ಹೆಸರು, ತಾರೀಖು ಸಮೇತ, ಆಡಿದ ಮಾತನ್ನೇ ಕಾಮೆಂಟಿನಲ್ಲಿ ಬರೆದೆ.

ಮಾರ್ಚ್ 11

ಸೈಟ್ ಲೈವ್ ಆಯಿತು. ಕಾಮೆಂಟ್ ಪುಟದಲ್ಲಿ ಕಾಣುವುದಿಲ್ಲ; ಫೈಲ್ ತೆರೆದರೆ ಯಾರು ಬೇಕಾದರೂ ಓದಬಹುದು. ಸರ್‌ಗೆ ಹೇಳಲಿಲ್ಲ. ಅಣ್ಣ ಕ್ರಾಂತಿಕುಮಾರನಿಗೆ ತೋರಿಸಿದೆ. ಅವನು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ. ಮಧ್ಯಾಹ್ನಕ್ಕೆ ನಮ್ಮ ಹಡಗಲಿ ಊರ ತುಂಬಾ ಅದೇ ಮಾತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 12, ಸಂಜೆ 4

ಶಿವಯೋಗಪ್ಪನ ಕಡೆಯ ಐದು ಜನ ಆಫೀಸಿಗೆ ನುಗ್ಗಿದರು. ಮಾನಿಟರ್ ಎತ್ತಿ ಗೋಡೆಗೆ ಬಡಿದರು. ಕೀಬೋರ್ಡಿನಿಂದ ಸರ್ ಕಿವಿಗೆ ಬಾರಿಸಿದರು... ರಕ್ತ. ಬರೆದವರು ಯಾರು ಎಂದು ಕೇಳಿದರು. ಸರ್ ನನ್ನ ಕಡೆ ಬೆರಳು ತೋರಿಸಿದರು. ಒಬ್ಬ ಜಡೆ ಹಿಡಿದು ನನ್ನ ತಲೆಯನ್ನು ಟೇಬಲ್ಲಿಗೆ ಕುಟ್ಟಿದ. ಅವನ ಕೈ ಕಚ್ಚಿದೆ. ನಾನು ಬಿಡಲಿಲ್ಲ. ಚರ್ಮ ಬಾಯಿಗೆ ಬಂತು. ಥೂ.

ಮಾರ್ಚ್ 17

ಇಷ್ಟು ದಿನ ಬರೆಯಲಾಗಲಿಲ್ಲ. ಅಣ್ಣನನ್ನು ಬಸ್‌ಸ್ಟ್ಯಾಂಡಿನಲ್ಲಿ ರಾಡಿನಿಂದ ಹೊಡೆದರು. ಬಲಗೈ ಎರಡು ಕಡೆ ಮುರಿದಿದೆ.

ಇವತ್ತು ಸರ್ ಮನೆಗೆ ಬಂದಿದ್ದರು. ಆ ಸಾಲು ಅಳಿಸಿದ್ದಾರಂತೆ. ಸುಳ್ಳು ಬರೆದೆ ಎಂದು ಶಿವಯೋಗಪ್ಪ ಕೊಟ್ಟ ಕಾಗದಕ್ಕೆ ನಾನು ಸಹಿ ಮಾಡಬೇಕಂತೆ. ಇಲ್ಲದಿದ್ದರೆ ಅಣ್ಣನ ಇನ್ನೊಂದು ಕೈ... ನೀವೂ ಕೇಳಿಸಿಕೊಂಡಿದ್ದಿರಲ್ಲ ಸರ್, ಎಂದೆ. ಪೆನ್ನು ನನ್ನ ಕಡೆ ಸರಿಸಿದರು. ಹೇಡಿ. ಅವ್ವ ಕಾಗದ ಕಸಿದು ಹರಿದಳು. "ನನ್ನ ಮಗಳು ಸುಳ್ಳಿಗೆ ಸೈನ್ ಹಾಕಂಗಿಲ್ಲ. ಹೋಗಿ ಹೇಳ್ರಿ."

ಮಾರ್ಚ್ 18, ಬೆಳಿಗ್ಗೆ 10

ಸರ್ ಸೈಟಿನ ಪಾಸ್‌ವರ್ಡ್ ಬದಲಿಸಿಲ್ಲ. ಸಾಲು ವಾಪಸ್ ಹಾಕಿದೆ. ಕಾಮೆಂಟಿನಲ್ಲಲ್ಲ — ಮುಖಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಕೆಳಗೆ: ಬರೆದವಳು ಸಮತಾ.

11.20

ಬೈಕುಗಳು. ನಮ್ಮ ಬೀದಿಗೇ ತಿರುಗಿವೆ. ಅಣ್ಣ ಎಡಗೈಯಲ್ಲಿ ಕೊಡಲಿ ತೆಗೆದುಕೊಂಡ. ಬಾಗಿಲು ಹಾಕವ್ವ ಎಂದೆ. ಅವ್ವ ಹಾಕಲಿಲ್ಲ. ಸೆರಗು ಸಿಕ್ಕಿಸಿ ಹೊಸ್ತಿಲ ಮೇಲೆ ನಿಂತು—