ಅಜ್ಜಿಯ ನ್ಯಾಮ್‌ಗೆ ಚಳಿ ಹಿಡಿದದ್ದು

ಬ್ಯಾಂಕಾಕ್, ಪ್ರತುನಾಮ್ ಸಂತೆಯ ಹಿಂದಿನ ಹೋಟೆಲು
ಏಪ್ರಿಲ್ ೨೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜಿ,

ನಿನ್ನ ಮಂಡಿ ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಬೆಳಗಾಗುತ್ತಲೇ ಬಾತುಕೋಳಿಗಳ ಹಿಂದೆ ಓಡುತ್ತಿದ್ದೀಯೋ? ನಾವೆಲ್ಲ ಕ್ಷೇಮ. ಅಮ್ಮನ ಮೈಮೇಲೆ ಬೆವರುಸಾಲೆ ಎದ್ದಿದೆ, ಕಾರಣ ಮುಂದೆ ಬರುತ್ತದೆ. ಕನ್ನಡಕ ಹಾಕಿಕೊಂಡು ಇದನ್ನು ನೀನೇ ಓದು. ಪಕ್ಕದ ಮನೆಯ ಸೊಂಬುನ್ ಕೈಯಲ್ಲಿ ಓದಿಸಿದರೆ ಸಂಜೆಯೊಳಗೆ ಯಸೋತೋನ್ ಪೇಟೆಗೆಲ್ಲ ಗೊತ್ತಾಗುತ್ತದೆ.

ಹೊರಡುವ ದಿನ ನನ್ನನ್ನು ಅಡುಗೆಮನೆಗೆ ಕರೆದು ನೀನು ಹೇಳಿದ ಮಾತು ಮರೆತಿಲ್ಲ. "ಬುಸಬಾನ ಆ ಮನೆಗೆ ಕೊಡೋದು ಬಿಡೋದು ನನ್ನ ಕೈಲಿದೆ. ನನ್ನ ನ್ಯಾಮ್ ಬಾಯಿಗಿಟ್ಟಾಗ ಆ ಬ್ಯಾಂಕಾಕಿನ ಹೆಂಗಸಿನ ಮುಖ ನೋಡು. ಸಿಂಡರಿಸಿದ್ಲೋ, ಮದುವೆ ಇಲ್ಲ. ನೀನಂತೂ ಬಾಯಿ ಬಿಡೋಳಲ್ಲ, ಕಣ್ಣಾದ್ರೂ ಬಿಟ್ಕೊಂಡಿರು." ಬಾಗಿಲ ಹಿಂದೆ ಬುಸಬಾ ಅಕ್ಕ ನಿಂತಿದ್ದದ್ದು ನಿನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಒಂದೇ ಸಮನೆ ಮೂಗು ಸೀಟುತ್ತಿದ್ದಳು. ವೀರಪೋನ್ ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ ನಿನ್ನ ಮಾತು ಮೀರುವುದಿಲ್ಲ ಎಂದೂ ಹೇಳಿದಳು. ಎರಡೂ ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ.

ನೀನು ಬುಧವಾರ ಹಂದಿಮಾಂಸಕ್ಕೆ ಅನ್ನ, ಬೆಳ್ಳುಳ್ಳಿ, ಉಪ್ಪು ಹಾಕಿ ಕಲಸಿ ಬಾಳೆಲೆಯಲ್ಲಿ ಬಿಗಿದು ನ್ಯಾಮ್ ಕಟ್ಟಿದಾಗ ಶನಿವಾರದ ಊಟಕ್ಕೆ ಸರಿಯಾಗಿ ಹುಳಿ ಬರುತ್ತದೆಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ನಮ್ಮ ಊರಿನ ಸೆಕೆಗೆ. ಬಸ್ಸಿನಲ್ಲಿ ಎ.ಸಿ., ಹೋಟೆಲಿನಲ್ಲಿ ಎ.ಸಿ. ಶುಕ್ರವಾರ ಬೆಳಿಗ್ಗೆ ಅಮ್ಮ ಒಂದು ಪೊಟ್ಟಣ ಬಿಚ್ಚಿ ಮೂಸಿ, ಮಂಚದ ಮೇಲೆ ಕುಸಿದು ಕೂತಳು. "ಚಳಿ ಹಿಡಿದ್ಬಿಟ್ಟಿದೆ. ಇದು ನ್ಯಾಮ್ ಅಲ್ಲ, ಬರೀ ಹಸಿ ಮಾಂಸ. ಇದನ್ನ ಬಡಿಸಿದ್ರೆ ಮುಖ ಸಿಂಡರಿಸೋದಲ್ಲ, ಆಸ್ಪತ್ರೆಗೇ ಸೇರ್ತಾರೆ."

ತಕ್ಷಣ ಎ.ಸಿ. ಬಂದ್. ಕಿಟಕಿಯೂ ಬಂದ್, ಯಾಕೆಂದರೆ ವಾಸನೆ ಪಡಸಾಲೆಗೆ ಹೋಗಬಾರದು. ಬಾಗಿಲ ಹಿಂದೆ ಡುರಿಯನ್ ಹಣ್ಣಿನ ಚಿತ್ರಕ್ಕೆ ಕೆಂಪು ಗೆರೆ ಹೊಡೆದು, ವಾಸನೆಯ ತಿನಿಸು ಕೋಣೆಯಲ್ಲಿ ಇಡಬಾರದು ಎಂದು ಅಂಟಿಸಿದ್ದಾರೆ. ನಾನು ಅದನ್ನು ಮೆಲ್ಲಗೆ ತೋರಿಸಿದೆ. ಪ್ರಯೂನ್ ಮಾವ ನಕ್ಕ. "ಡುರಿಯನ್ ಚಿತ್ರ ಇದೆ. ನ್ಯಾಮ್ ಚಿತ್ರ ಎಲ್ಲಿದೆ ತೋರ್ಸು? ಇಷ್ಟು ವರ್ಷ ಸಾಹಿತ್ಯ ಓದಿ ಒಂದು ಚೀಟಿ ಓದೋಕೆ ಬರಲ್ವಲ್ಲೇ!" ಎಂದ.

ನೀರು ಕಾಯಿಸುವ ಕೆಟಲ್‌ನಲ್ಲಿ ಬಿಸಿನೀರು ಮಾಡಿ ಬಾಟಲಿಗಳಿಗೆ ತುಂಬಿಸಿದೆವು. ಮಂಚದ ನಡುವೆ ಪೊಟ್ಟಣಗಳನ್ನು ಸಾಲಾಗಿಟ್ಟು, ಎರಡೂ ಪಕ್ಕ ಬಾಟಲಿ ಒತ್ತಿ, ಕಂಬಳಿ ಹೊದಿಸಿದೆವು. ತಲೆಯ ಕಡೆ ಸಂದು ಉಳಿಯಿತೆಂದು ಅಮ್ಮ ಒಂದು ದಿಂಬು ತುರುಕಿ, ನೀನು ಗಂಟು ಕಟ್ಟಿಕೊಟ್ಟಿದ್ದ ಚೌಕಳಿ ಬಟ್ಟೆಯನ್ನು ಅದಕ್ಕೆ ಸುತ್ತಿದಳು. ನಾವು ನಾಲ್ವರೂ ಗೋಡೆಗೊರಗಿ ಕೂತು ಬೆವರಿಳಿಸಿದೆವು. "ಅಮ್ಮಾ, ಒಂದೇ ಒಂದು ನಿಮಿಷ ಎ.ಸಿ. ಹಾಕೇ, ಪ್ರಾಣ ಹೋಗ್ತಿದೆ" ಎಂದು ಅಕ್ಕ ಬೇಡಿದಾಗ ಅಮ್ಮ, "ಗಂಡ ಬೇಕಾ, ಎ.ಸಿ. ಬೇಕಾ?" ಎಂದಳು. ಅಕ್ಕ ಎದ್ದು ಕೆಟಲ್‌ಗೆ ಮತ್ತೆ ನೀರು ತುಂಬಿಸಿದಳು.

ಅದೇ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಹೋಟೆಲಿನವರೇ ಬಂದರೆಂದು ಮಾವ ಸ್ನಾನದ ಕೋಣೆಗೆ ಓಡಿದ. ಬಂದಿದ್ದವರು ವೀರಪೋನ್ ತಾಯಿ ಅಂಫೈ ಅತ್ತೆ. ಜವಳಿ ಅಂಗಡಿಯಿಂದ ನೇರವಾಗಿ, ಇಸ್ತ್ರಿ ಮುರಿಯದ ರೇಷ್ಮೆ ಅಂಗಿಯಲ್ಲಿ, ಕಿತ್ತಳೆ ಹಣ್ಣಿನ ಬುಟ್ಟಿ ಹಿಡಿದು, ಬರುತ್ತೇನೆಂದು ಹೇಳದೆ ಬಂದಿದ್ದರು. ಒಳಗೆ ಕಾಲಿಟ್ಟವರು ನಮ್ಮ ಕೆಂಪು ಮುಖಗಳನ್ನೂ ಆರಿದ ಎ.ಸಿ.ಯನ್ನೂ ಮಂಚವನ್ನೂ ನೋಡಿದರು. ದನಿ ಪಿಸುಮಾತಿಗಿಳಿಯಿತು. "ಅಯ್ಯೋ, ಅಜ್ಜಿಗೆ ಹುಷಾರಿಲ್ವಾ?"

ಅಮ್ಮನನ್ನು ಬೈಯಬೇಡ ಅಜ್ಜಿ. ನೀನೂ ಬರುತ್ತೀಯ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಳು. ಬಸ್ಸು ಹತ್ತಿದರೆ ನಿನಗೆ ವಾಂತಿಯಾಗುತ್ತದೆಂದು ಹೇಳಲು ಅವಳಿಗೆ ನಾಚಿಕೆ. ಮಂಚದ ಮೇಲಿರುವುದು ಹಂದಿಮಾಂಸ ಎನ್ನಲು ಅದಕ್ಕಿಂತ ನಾಚಿಕೆ. "ಸ್ವಲ್ಪ ಚಳಿ ಹಿಡಿದಿದೆ, ಈಗಷ್ಟೇ ಮಲಗಿದಾರೆ" ಎಂದುಬಿಟ್ಟಳು. ಅರ್ಧ ಸತ್ಯವೇ ತಾನೇ?

ಅಂಫೈ ಅತ್ತೆ ಮಂಚದ ಹತ್ತಿರ ಹೋಗಿ, ಮಂಡಿಯೂರಿ, ಹಣೆ ಮುಟ್ಟುವಂತೆ ಕೈ ಮುಗಿದರು. ನಿನ್ನ ನ್ಯಾಮ್‌ಗೆ! ಅಕ್ಕ ಗೋಡೆಯ ಕಡೆ ತಿರುಗಿದಳು, ಅವಳ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ಅತ್ತೆ ಅವಳ ಬೆನ್ನು ಸವರಿದರು. ಎ.ಸಿ. ಹಾಕಲು ಅಮ್ಮ ಎದ್ದರೆ, "ಬೇಡ ಬೇಡ, ಹಿರಿಯರಿಗೆ ಥಂಡಿ ತಗಲುತ್ತೆ" ಎಂದು ತಡೆದರು. ಬೆಳ್ಳುಳ್ಳಿಯ ಗಾಳಿ ಮೂಗಿಗೆ ಬಡಿದಾಗ, "ಬೆಳ್ಳುಳ್ಳಿ ಎಣ್ಣೆ ಉಜ್ಜಿದೀರಲ್ಲ, ಒಳ್ಳೇ ಕೆಲಸ" ಎಂದರು. ಒಂದು ಬಾಟಲಿ ಕಂಬಳಿಯೊಳಗೆ ಹೊರಳಿ ಗುಳುಗುಳು ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ. "ಪಾಪ, ಹೊಟ್ಟೆ ಖಾಲಿ ಇದೆ. ಗಂಜಿ ಕಳಿಸ್ತೀನಿ" ಎಂದರು.

ಕೆನ್ನೆಯ ಪೌಡರು ಕರಗಿ ಕುತ್ತಿಗೆಗೆ ಇಳಿಯುತ್ತಿದ್ದರೂ ಅವರು ಬೀಸಣಿಗೆಗೆ ಕೈ ಹಾಕಲಿಲ್ಲ. ಆ ಗಾಳಿ ನಿನ್ನ ಕಡೆಗೂ ಬರುತ್ತದಲ್ಲ, ಅದಕ್ಕೆ. ಹೊರಡುವ ಮೊದಲು ಕಾಲಿನ ಕಡೆ ಸರಿದಿದ್ದ ಕಂಬಳಿಯನ್ನು ಎಳೆದು ಮುಚ್ಚಿದರು. ಒಳಗೆ ಕಾಲುಗಳಿಲ್ಲವೆಂಬುದು ಅವರ ಕೈಗೆ ಹೇಗೆ ತಿಳಿಯಲಿಲ್ಲವೋ, ಆ ಬುದ್ಧನೇ ಕಾಪಾಡಿದ. ಮಾವ ಅಷ್ಟೂ ಹೊತ್ತು ಸ್ನಾನದ ಕೋಣೆಯಲ್ಲಿ ಸೀನು ತಡೆದುಕೊಂಡು ನಿಂತಿದ್ದನಂತೆ.

ಆವತ್ತು ಸಂಜೆಯಿಂದ ಹೊತ್ತುಹೊತ್ತಿಗೆ ಗಂಜಿ ಬರುತ್ತಿದೆ. ಮೀನಿನ ಗಂಜಿ, ಮೊಟ್ಟೆ ಗಂಜಿ, ಶುಂಠಿ ಹಾಕಿದ ಕೋಳಿ ಗಂಜಿ. ಕೋಣೆಯ ಪುಟ್ಟ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿಲ್ಲ. ಮಾವ ನಿನ್ನ ಪಾಲನ್ನೆಲ್ಲ ತಿಂದು, "ಅಕ್ಕಾ, ಅಜ್ಜಿ ಇವತ್ತು ಚೇತರಿಸ್ಕೊಂಡ್ರು, ಇನ್ನೊಂದು ಬಟ್ಟಲು ಕೇಳ್ತಿದಾರೆ" ಎಂದು ಅಮ್ಮನನ್ನು ರೇಗಿಸುತ್ತಾನೆ.

ನಿನ್ನೆಯ ಊಟ ಚೆನ್ನಾಗಿ ನಡೆಯಿತು, ನೀನಿನ್ನೂ ಕೋಣೆಯಲ್ಲೇ ಮಲಗಿದ್ದೀಯೆಂದು ಅಮ್ಮ ಹೇಳಿದಳು. ನ್ಯಾಮ್‌ಗೆ ಹದವಾದ ಹುಳಿ ಬಂದಿತ್ತು, ಹಸಿ ಶುಂಠಿ, ಕಡಲೆಕಾಯಿ ಬೀಜ, ಸಣ್ಣ ಮೆಣಸಿನಕಾಯಿ ಜೊತೆ ಅಮ್ಮ ಜೋಡಿಸಿಟ್ಟಳು. ವೀರಪೋನ್ ಭಾವ ತಟ್ಟೆ ಖಾಲಿ ಮಾಡಿದರು. ಅತ್ತೆಯೂ ತಿಂದರು. ಉಳಿದದ್ದನ್ನು ಮಾವ ಊರಿಗೆ ತರುತ್ತಾನೆ. ಅವನು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಾನೆ, ಈ ಪತ್ರವೂ ಅವನ ಕೈಯಲ್ಲೇ. ಅತ್ತೆಯ ಲೆಕ್ಕದಲ್ಲಿ ನೀನೂ ಅವನ ಜೊತೆಗೇ ಊರಿಗೆ ಹೊರಟಿದ್ದೀಯ. ನಾವು ಅಕ್ಕನಿಗೆ ಬಟ್ಟೆ ನೋಡಿ ಬುಧವಾರ ಬರುತ್ತೇವೆ. ಬಾತುಕೋಳಿಗಳಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಮಡಿಲಲ್ಲಿ ತಲೆಯಿಟ್ಟು,

ನಿನ್ನ ಮೊಮ್ಮಗಳು,
ರಂಪಾ

ಮರೆತ ಮಾತು: ಮಾವ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಕೇಳಿದ್ದು ಮುಖದ ವಿಷಯ, ನಾನು ಅದನ್ನು ಸುತ್ತಿ ಸುತ್ತಿ ಬರೆದೆ. ಸಿಂಡರಿಸಿದರು ಅಜ್ಜಿ. ಮೂಗು, ಹುಬ್ಬು, ತುಟಿ, ಎಲ್ಲವೂ ಒಂದೇ ಕಡೆ ಸೇರಿಕೊಂಡವು. ಆಮೇಲೆ "ಹುಷಾರಿಲ್ಲದೇ ಇದ್ರೂ ನಮಗೋಸ್ಕರ ಮಾಡ್ಕೊಂಡು ಬಂದಿದಾರೆ" ಎಂದು ಕಣ್ಣೀರು ಒರೆಸಿಕೊಂಡು ಇನ್ನೊಂದು ತುಂಡು ಬಾಯಿಗಿಟ್ಟರು. ಮತ್ತೆ ಸಿಂಡರಿಸಿದರು. ಮತ್ತೊಂದು ತೆಗೆದುಕೊಂಡರು. ಬರುವ ಶನಿವಾರ ನಿನ್ನ ಆರೋಗ್ಯ ವಿಚಾರಿಸಲು ಊರಿಗೇ ಬರುತ್ತಾರಂತೆ. ಮದುವೆ ಬೇಡವೆಂದರೆ ನೀನೇ ಅವರಿಗೆ ಹೇಳು. ಆದರೆ ಹಾಸಿಗೆಯಲ್ಲಿ ಮಲಗಿಕೊಂಡು, ಸ್ವಲ್ಪ ಕೆಮ್ಮಿ, ಅವರು ನಿನ್ನ ಕಾಲು ಒತ್ತುತ್ತಿರುವಾಗ ಹೇಳಬೇಕಾಗುತ್ತದೆ.