ಹನ್ನೊಂದು ಕಲ್ಲುಗಳು ಮತ್ತು ದೊಡ್ಡವೆಂಕಟಪ್ಪನವರ ಗುಲಾಬಿ

ಮುಳಬಾಗಿಲು
9 ನವೆಂಬರ್ 2024

ಪ್ರೀತಿಯ ಅಕ್ಕಾ,

ನಿನ್ನ ಹೂದೋಟದ ಗಿಡಗಳಿಗೆ ಇನ್ನು ಮುನ್ನೂರು ವರ್ಷ ಅಳಿಯದ ಹೆಸರುಗಳನ್ನು ನೆಟ್ಟಾಯಿತು ಎಂದು ಈ ಮೂಲಕ ಘೋಷಿಸುತ್ತೇನೆ. ರಾಜಮಹಾರಾಜರು ಶಾಸನ ಬರೆಸಿದ್ದರಲ್ಲ, ಅವರ ಸಾಲಿನಲ್ಲಿ ನಿನ್ನ ತಮ್ಮನಿಗೂ ಒಂದು ಮೂಲೆ ಸಿಕ್ಕಿದೆ. ಅದಿರಲಿ, ಮೊದಲು ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಚಳಿ ತಡೆಯುತ್ತಿದೆಯೇ? ನಿನ್ನ ಬಾಣಂತಿ ಮಗಳು ಮೇಘನ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದಾಳೆಯೇ? ಮೊಮ್ಮಗು ಥೇಟ್ ನನ್ನ ಹಾಗೇ ಇದೆಯೆಂದು ಅವಳು ಫೋನಿನಲ್ಲಿ ಹೇಳಿದಳು. ಪಾಪ, ಬೆಳೆಯುತ್ತಾ ಸರಿಹೋಗುತ್ತದೆ ಬಿಡು. ಇದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಅಪಾಯವಿಲ್ಲ.

ಹೊರಡುವಾಗ ನೀನು ಬಸ್ಸಿನ ಕಿಟಕಿಯಿಂದ ಕೂಗಿದ್ದು ನೆನಪಿದೆಯೇ? "ಲೋ ಸಂಕರ್ಷಣ, ಯಾವ ಗಿಡ ಯಾರದು ಅನ್ನೋದು ಕಲಸಿಹೋಯ್ತೋ, ನಿನ್ನ ಸುಮ್ನೆ ಬಿಡಲ್ಲ!" ಬೇರೆಯವರು ಗಿಡಕ್ಕೆ ಬಣ್ಣದ ಹೆಸರಿಡುತ್ತಾರೆ, ಜಾತಿಯ ಹೆಸರಿಡುತ್ತಾರೆ. ನೀನೊಬ್ಬಳು ಮಾತ್ರ ಕೊಟ್ಟವರ ಹೆಸರಿಡುತ್ತೀಯ. ಪಕ್ಕದ ಮನೆಯವರು ಕೊಟ್ಟ ಸೇವಂತಿಗೆ 'ಶ್ಯಾಮಲಮ್ಮ'. ಮೇಘನ ಹುಟ್ಟಿದ ವರ್ಷ ರಾಯಲ್ಪಾಡಿನಿಂದ ಬಂದ ಕಡುಗೆಂಪು ಗುಲಾಬಿ 'ದೊಡ್ಡವೆಂಕಟಪ್ಪ'. ಹೀಗೆ ಹನ್ನೊಂದು ಗಿಡ, ಹನ್ನೊಂದು ಜನ. ನೀನು ಚುಚ್ಚಿಹೋದ ಐಸ್‌ಕ್ರೀಂ ಕಡ್ಡಿಗಳನ್ನು ಹದಿನೈದು ದಿನದಲ್ಲಿ ಗೆದ್ದಲು ಮುಗಿಸಿತು. ಮೊಸರಿನ ಡಬ್ಬಿ ಕತ್ತರಿಸಿ ಮಾರ್ಕರ್ ಪೆನ್ನಿನಲ್ಲಿ ಬರೆದೆ. ಬಿಸಿಲು ಓದಿ ಅಳಿಸಿತು. ತಗಡಿನ ಪಟ್ಟಿ ಕಟ್ಟಿದೆ. ಅದು ಫಳಫಳ ಹೊಳೆದದ್ದೇ ತಡ, ಒಂದು ಕೋತಿ ಕಿತ್ತುಕೊಂಡು ನಮ್ಮ ನೀರಿನ ಟ್ಯಾಂಕಿನ ಮೇಲೆ ಕೂತು ಮುಖ ನೋಡಿಕೊಂಡಿತು. ಅವತ್ತೇ ತೀರ್ಮಾನಿಸಿದೆ, ಇನ್ನು ಕಲ್ಲೇ ಗತಿ ಎಂದು.

ಟೇಕಲ್‌ನಲ್ಲಿ ಆಂಜಿನಪ್ಪ ಎಂಬ ಕಲ್ಲು ಕೆತ್ತುವವನಿದ್ದಾನೆ. ಅವನಿಗೆ ಹನ್ನೊಂದು ಹೆಸರು ಬರೆದ ಚೀಟಿ ಕೊಟ್ಟೆ. ಹೂವಿನ ವಿಷಯ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವನು ಚೀಟಿಯನ್ನು ಎರಡು ಸಲ ಓದಿ, "ಹನ್ನೊಂದು ಜನಾನಾ ಸ್ವಾಮಿ? ಅಯ್ಯೋ, ಎಂಥಾ ಕಷ್ಟ ಬಂತು ನಿಮಗೆ!" ಎಂದು ಕಣ್ಣೊರೆಸಿಕೊಂಡ. ಕಲ್ಲು ಹೊರಬೇಕಾದ ನನ್ನ ಸೊಂಟದ ಮೇಲಿನ ಮರುಕವೆಂದು ನಾನು ಕರಗಿಹೋದೆ. ವಾರದ ನಂತರ ಗಾಡಿಯಲ್ಲಿ ಬಂದಿಳಿದವು. ಕರಿಕಲ್ಲು, ಮೊಳದೆತ್ತರ, ಮೇಲೊಂದು ಸೂರ್ಯ, ಒಂದು ಚಂದ್ರ. ಗಿಡಕ್ಕೆ ಬಿಸಿಲು ಬೇಕಲ್ಲ, ಸೂರ್ಯ ಸರಿಯಾಗಿಯೇ ಇದೆ ಅಂದುಕೊಂಡು ಸಾಲಾಗಿ ನೆಟ್ಟೆ.

ಮೊದಲು ನೋಡಿದವರು ಶ್ಯಾಮಲಮ್ಮ. ಕಾಂಪೌಂಡಿನ ಮೇಲಿಂದ ಇಣುಕಿ, "ಇದೇನು ಸ್ವಾಮಿ, ನನ್ನನ್ನೂ ಮಲಗಿಸಿಬಿಟ್ರಾ?" ಎಂದು ಕಿರುಚಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಹೂವು, ಹೆಸರು, ಸೂರ್ಯ, ಚಂದ್ರ. ಅಕ್ಕಾ, ನಿನ್ನ ಹೂದೋಟ ಅಚ್ಚುಕಟ್ಟಾದ ರುದ್ರಭೂಮಿಯಾಗಿತ್ತು, ಮಲಗಿದ್ದವರೆಲ್ಲ ಗುಂಡುಕಲ್ಲಿನಂತೆ ಬದುಕಿರುವವರು. ಶ್ಯಾಮಲಮ್ಮನವರಿಗೆ ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ಸರಿ. ಆದ್ರೆ ಬರ್ಸೋದು ಬರ್ಸಿದ್ದೀರಿ, ಹೆಸರಿಗೆ ಮೊದಲು ಒಂದು 'ಶ್ರೀಮತಿ' ಹಾಕ್ಸಿದ್ರೆ ಗಂಟೇನು ಹೋಗ್ತಿತ್ತು?" ಎಂದರು.

ಅವರಂತೆ ಎಲ್ಲರೂ ಇರುವುದಿಲ್ಲವಲ್ಲ. ಮರುದಿನವೇ ದೊಡ್ಡವೆಂಕಟಪ್ಪನವರು, ಎಂಬತ್ತರ ಮುದುಕರು, ವರ್ಷವೂ ಬರುವಂತೆ ತಮ್ಮ ಗುಲಾಬಿಯ ಕೊಂಬೆ ಸವರಲು ಕತ್ತರಿ ಹಿಡಿದು ಬಸ್ಸಿಳಿದು ಬಂದರು. ಕಲ್ಲಿನ ಮುಂದೆ ನಿಂತು ಒಂದೊಂದೇ ಅಕ್ಷರ ಓದಿದರು. "ಏಮಯ್ಯಾ, ನೇನಿಂಕಾ ಬತಿಕೇ ಉಂಡಾನು ಗದಾ!" ಎಂದು ತೆಲುಗಿನಲ್ಲಿ ಅಂದರು, ತಾವಿನ್ನೂ ಬದುಕೇ ಇದ್ದೇವಲ್ಲ ಎಂದು. ಬದುಕಿದ್ದೀರಿ, ನೂರ್ಕಾಲ ಬದುಕಿರುತ್ತೀರಿ ಎಂದು ನಾನು ಕೈಮುಗಿದೆ. ಆಮೇಲೆ ಕಾಫಿಯನ್ನೂ ಮುಟ್ಟದೆ ಹೊರಟರು. ನೀನು ಬರುವತನಕ ಈ ಹೊಸಿಲು ತುಳಿಯುವುದಿಲ್ಲವಂತೆ. ಇಪ್ಪತ್ತೇಳು ವರ್ಷ ತಪ್ಪದೆ ಬಂದವರು ನನ್ನಿಂದಾಗಿ ಬರದೆಹೋದರೆ ನಿನಗೆ ಹೇಗೆ ಮುಖ ತೋರಿಸಲಿ ಎಂಬುದೊಂದೇ ನನ್ನ ಚಿಂತೆ.

ಕಲ್ಲುಗಳನ್ನು ಕಿತ್ತು ಬೋರಲು ಹಾಕಿದ್ದೇನೆ. ಬಟ್ಟೆ ಒಗೆಯಲು ಬಲು ಚೆನ್ನ. ಈಗ ಮಾಲೂರು ಹೆಂಚಿನ ಚೂರುಗಳ ಮೇಲೆ ಮೊಳೆಯಿಂದ ಗೀರಿ, 'ಶ್ಯಾಮಲಮ್ಮನವರು ಕೊಟ್ಟ ಸೇವಂತಿಗೆ' ಎಂದು ಪೂರ್ತಿ ಬರೆದಿದ್ದೇನೆ. ಗೆದ್ದಲು ತಿನ್ನದು, ಬಿಸಿಲಿಗೆ ಅಳಿಯದು, ಕೋತಿಗೆ ಬೇಡ. ಈ ಘನ ಸತ್ಯವನ್ನು ಕಂಡುಹಿಡಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಮೇಘನಳಿಗೂ ಕೂಸಿಗೂ ಈ ಅಜ್ಜನ ಆಶೀರ್ವಾದ. ನಿನಗೆ ಉದ್ದಂಡ ನಮಸ್ಕಾರ. ಈ ಸಲ ನಿಜವಾಗಿಯೂ ಉದ್ದವಾಗಿ ಬಿದ್ದುಕೊಂಡಿದ್ದೇನೆ.

ನಿನ್ನ ತಮ್ಮ,
ಸಂಕರ್ಷಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ದೊಡ್ಡವೆಂಕಟಪ್ಪನವರು ಕಲ್ಲು ಓದಿ ಸಿಟ್ಟಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಟ್ಟು ಬಂದದ್ದು ಕಲ್ಲಿನ ಹಿಂದೆ ನೋಡಿದಾಗ. ಗುಲಾಬಿ ಹೋಯಿತು ಅಕ್ಕಾ. ಬುಡಕ್ಕೆ ಒಂದು ಹಿಡಿ ಯೂರಿಯಾ ಸುರಿದು, ಟೇಕಲ್‌ಗೆ ಓಡಾಡುವ ಭರದಲ್ಲಿ ನೀರು ಹಾಕುವುದನ್ನು ಮರೆತೆ. "ಕಲ್ಲು ಹಾಕ್ಸೋಕೆ ಪುರುಸೊತ್ತಿತ್ತು, ಒಂದು ಚೊಂಬು ನೀರು ಹಾಕೋಕೆ ಇರ್ಲಿಲ್ವೇನಯ್ಯಾ?" ಎಂದು ಕೇಳಿದರು. ಅದರ ತಾಯಿಗಿಡ ರಾಯಲ್ಪಾಡಿನಲ್ಲಿ ಅವರ ಬಾವಿಯ ಪಕ್ಕ ಇನ್ನೂ ಇದೆಯಂತೆ. ನಾನು ಕೇಳಿದರೆ ಕೊಡುವುದಿಲ್ಲ, ನೀನು ಕೇಳಿದರೆ ಇಲ್ಲವೆನ್ನುವುದಿಲ್ಲ. ಅವರಿಗೊಂದು ಫೋನು ಮಾಡಿ, ಪೆನ್ಸಿಲ್ ದಪ್ಪದ ಎರಡು ಕಡ್ಡಿ ಕತ್ತರಿಸಿಡಲು ಹೇಳು. ಬುಧವಾರ ಬೆಳಗಿನ ಬಸ್ಸಿಗೆ ಒದ್ದೆ ಗೋಣಿಚೀಲ ಹಿಡಿದು ನಾನೇ ಹೋಗುತ್ತೇನೆ. ಫೋನು ಸಂಜೆ ನಾಲ್ಕರ ಮೇಲೆ ಮಾಡು, ಅಷ್ಟು ಹೊತ್ತಿಗೆ ಅವರು ಮಲಗಿ ಎದ್ದಿರುತ್ತಾರೆ.